ನಮ್ಮೂರ ಮೆಕ್ಕೆಜೋಳ, ನನ್ನ ಹಳೇ ಕಾರಿನ ಪೈಪು

ಮಾನ್ಯ ಸಂಪಾದಕರೇ,

ಇ20 ಪೆಟ್ರೋಲ್, ಅಂದ್ರೆ ಮೆಕ್ಕೆಜೋಳದಂಥ ಬೆಳೆಯಿಂದ ತೆಗೆಯೋ ಎಥೆನಾಲ್ ಅನ್ನೋ ಸ್ಪಿರಿಟ್ಟನ್ನ ನೂರಕ್ಕೆ 20 ಭಾಗ ಬೆರೆಸಿದ ಪೆಟ್ರೋಲ್, ಬಂದಿದ್ರಿಂದ ಮೆಕ್ಕೆಜೋಳ ಬೆಳೆಯೋರಿಗೆ ಒಳ್ಳೇದಾಗುತ್ತೆ ಅಂತ ಪೇಪರಲ್ಲಿ ಬರ್ತಾನೇ ಇರುತ್ತೆ. ಆಗ್ಲಿ, ನಾನೂ ಮೆಕ್ಕೆಜೋಳದ ಮನೆಯವನೇ, ಜಗಳೂರು ಕಡೆ ನಮ್ಮಪ್ಪ ಈಗ್ಲೂ ಅದನ್ನೇ ಬಿತ್ತೋದು. ಆದ್ರೆ ಆ ಜೋಳ ಎಥೆನಾಲ್ ಆಗಿ ಊರೆಲ್ಲಾ ಸುತ್ತಿ ವಾಪಸ್ ನನ್ನ ಕಾರಿನ ಟ್ಯಾಂಕಿಗೇ ಬಂದು ಕೂತ್ಮೇಲೆ ಏನಾಗ್ತಿದೆ ಅಂತ ಯಾರೂ ಬರೀತಿಲ್ಲ, ಅದಕ್ಕೇ ಈ ಪತ್ರ.

ನನ್ನ ಹತ್ರ ಇರೋದು ಸ್ಯಾನ್ ಸ್ಟಾರ್ಮ್. ಎಷ್ಟೋ ಜನ ಹೆಸರೇ ಕೇಳಿರಲ್ಲ. ತೊಂಬತ್ತರ ದಶಕದ ಕೊನೇಲಿ ಬಂದ ಕಾರು, ಗೋವಾದಲ್ಲಿ ತಯಾರಾಗ್ತಿತ್ತು, ಎರಡೇ ಸೀಟು, ಟಾಪ್ ಬಿಚ್ಚಬಹುದು, ಬಾಡಿ ಪೂರ್ತಿ ಫೈಬರ್, ಎಂಜಿನ್ ರೆನೋದು 1149 ಸಿಸಿ. ಸ್ಪೋರ್ಟ್ಸ್ ಕಾರು ಅಂತಾರೆ ಆದ್ರೆ ಪವರ್ ಸುಮಾರು 60 ಹಾರ್ಸ್‌ಪವರ್ ಅಷ್ಟೇ, ಹೈವೇಲಿ ಟ್ಯಾಕ್ಸಿಯೋರೂ ನನ್ನ ಹಿಂದಾಕಿ ಹೋಗ್ತಾರೆ. ಆದ್ರೂ ಹಳೇ ಪಿ.ಬಿ. ರೋಡಲ್ಲಿ ನಿಲ್ಲಿಸಿದ್ರೆ ಬೆಣ್ಣೆ ದೋಸೆ ಅರ್ಧಕ್ಕೇ ಬಿಟ್ಟು ಎದ್ದು ಬಂದು "ಫಾರಿನ್ ಗಾಡಿ ಏನ್ರೀ ಇದು" ಅಂತ ಕೇಳೋರಿದಾರೆ.

ಕಳೆದ ಮಳೆಗಾಲ ಎರಡು ತಿಂಗಳು ಶೆಡ್ಡಲ್ಲೇ ನಿಂತಿತ್ತು, ಟಾಪ್ ಸೋರುತ್ತೆ, ಮಳೇಲಿ ತೆಗೆಯೋಕಾಗಲ್ಲ. ಆಮೇಲೆ ಸ್ಟಾರ್ಟ್ ಮಾಡಿದ್ರೆ ಕೆಮ್ಮು ಹಿಡಿದೋರ ಥರ ಕೆಮ್ಮುತ್ತೆ, ಬಾನೆಟ್ ಎತ್ತಿದ್ರೆ ಗುಪ್ ಅಂತ ಪೆಟ್ರೋಲ್ ವಾಸನೆ. ತಕ್ಷಣ ಆಫ್ ಮಾಡಿ ಎಳೆಸ್ಕೊಂಡು ನಮ್ಮ ಮೇಸ್ತ್ರಿ ಹತ್ರ ಹೋದೆ. ಪೆಟ್ರೋಲ್ ಹೋಸ್ ಮುಟ್ಟಿ ನೋಡಿದ್ರೆ ನೀರಲ್ಲಿ ನೆನೆಸಿದ ಮಂಡಕ್ಕಿ ಥರ ಮೆತ್ತಗಾಗಿತ್ತು, ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರಿನ ರಬ್ಬರ್ ಓ ರಿಂಗುಗಳು ಊದ್ಕೊಂಡಿದ್ವು, ಫಿಲ್ಟರ್ ಒಳಗೆ ಕಂದು ಬಣ್ಣದ ಕಸ. ಟ್ಯಾಂಕಲ್ಲಿ ಎಷ್ಟೋ ವರ್ಷದಿಂದ ಅಂಟ್ಕೊಂಡಿದ್ದ ಕಸಾನ ಎಥೆನಾಲ್ ಕೆರೆದು ತಂದು ಅಲ್ಲಿ ತುಂಬುತ್ತಂತೆ. ಮೇಸ್ತ್ರಿ ಸ್ವಲ್ಪ ಪೆಟ್ರೋಲ್ ತೆಗೆದು ಗಾಜಿನ ಬಾಟ್ಲೀಲಿ ಇಟ್ರು, ಬೆಳಿಗ್ಗೆ ನೋಡಿದ್ರೆ ತಳದಲ್ಲಿ ಒಂದು ಪದರ ಬೇರೆಯಾಗಿ ನಿಂತಿದೆ. ಎಥೆನಾಲ್ ನೀರು ಎಳ್ಕೊಳುತ್ತೆ, ನೀರು ಜಾಸ್ತಿ ಆದ್ರೆ ಎರಡೂ ಸೇರ್ಕೊಂಡು ಪೆಟ್ರೋಲ್ ಬಿಟ್ಟು ಕೆಳಗಿಳಿಯುತ್ತೆ, ಪಂಪು ಮೊದಲು ಎಳೆಯೋದು ಅದನ್ನೇ. ದಿನಾ ಓಡೋ ಗಾಡಿಗೆ ಇದು ಅಷ್ಟಾಗಿ ಆಗಲ್ಲ, ನಿಂತ ಗಾಡಿಗೇ ಕಷ್ಟ.

ನಾನು ಸಿಟ್ಟಲ್ಲಿ ಎಥೆನಾಲ್‌ನ ಬೈದೆ. ಅವ್ರು ನಕ್ಕು "ಎಲ್ಲಾ ಅದರ ತಲಿಗೆ ಕಟ್ಟಬ್ಯಾಡ ತಮ್ಮಾ, ಇಪ್ಪತ್ತೈದು ವರ್ಷದ ರಬ್ಬರು ಐತಿ ಇದು, ಮುಪ್ಪಾಗೈತಿ" ಅಂದ್ರು. ಅದೂ ನಿಜ, ಒಪ್ಕೋತೀನಿ.

ವೈಟಾನ್ ರಬ್ಬರಿನ ರಿಂಗು, ಎಥೆನಾಲ್ ತಡೆಯೋ ಹೋಸು ಬೆಂಗಳೂರಿಂದ ತರಿಸಿ ಹಾಕಿಸಿದ್ದಾಯ್ತು. ಸಸ್ಪೆನ್ಷನ್ ಬುಷ್ ಎಲ್ಲೂ ಸಿಗದೆ ಹರಿಹರದಲ್ಲಿ ಹಳೇ ಕಿರ್ಲೋಸ್ಕರ್ ಲೇತ್ ಮೇಲೆ ತಿರುಗಿಸಿ ಮಾಡ್ಸಿದ್ದೀನಿ, ಆ ಲೇತ್ ಹುಟ್ಟಿದ್ದೂ ಅದೇ ಊರಲ್ಲೇ ಅನ್ನೋದು ನನಗೊಂದು ಖುಷಿ. ಹುಡುಗರು ಬಂದು "ಮಾಡಿಫೈ ಮಾಡ್ಸಿದ್ದೀರಾ ಅಣ್ಣಾ, ಎಕ್ಸಾಸ್ಟ್ ಯಾವ್ದು" ಅಂತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರೋದು ಬಿಟ್ಟು ಗಾಡಿನ ಬೇರೆ ಥರ ಮಾಡೋ ಹಾಗಿಲ್ಲ, ನನಗೆ ಆ ಆಸೆನೂ ಇಲ್ಲ, ನನ್ನ ಮಾಡಿಫಿಕೇಶನ್ ಎಲ್ಲಾ ರಬ್ಬರಲ್ಲೇ ಮುಗೀತು.

ಈಗ ವಿಷ್ಯಕ್ಕೆ ಬರ್ತೀನಿ. 2021ರಲ್ಲಿ ನೀತಿ ಆಯೋಗದ ವರದಿಯಲ್ಲೇ ಹಳೇ ಗಾಡಿಗಳಿಗೆ ಅಂತ ಇ10 (ಹತ್ತೇ ಪರ್ಸೆಂಟ್ ಎಥೆನಾಲ್ ಇರೋದು) ಸಿಗ್ತಿರಬೇಕು ಅಂತ ಬರೆದಿದ್ರು. 2023ರ ಫೆಬ್ರವರೀಲಿ ಇ20 ಬಿಡುಗಡೆ ಆಗಿದ್ದು ನಮ್ಮ ಬೆಂಗಳೂರಲ್ಲೇ, ಎರಡೂವರೆ ವರ್ಷ ಆಗೋದ್ರೊಳಗೆ ಮಾಮೂಲಿ ಪೆಟ್ರೋಲ್ ಅಂದ್ರೆ ಇ20 ಅನ್ನೋ ಹಾಗಾಯ್ತು, ಇ10 ಎಲ್ಲೋಯ್ತೋ. ಇದನ್ನ ಪ್ರಶ್ನಿಸಿದ್ದ ಅರ್ಜಿನ ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರಲ್ಲಿ ವಜಾ ಮಾಡ್ತು. ಕೆಲವು ಹಳೇ ಗಾಡೀಲಿ 20 ಸಾವಿರದಿಂದ 30 ಸಾವಿರ ಕಿಲೋಮೀಟರ್ ಓಡಿದ್ಮೇಲೆ ರಬ್ಬರ್, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು, ಅದೇನು ದೊಡ್ಡ ಖರ್ಚಲ್ಲ ಅಂತ ಪೆಟ್ರೋಲಿಯಂ ಸಚಿವಾಲಯವೇ ಹೇಳಿದೆ. ಪಾರ್ಟ್ ಸಿಗೋರಿಗೆ ದೊಡ್ಡ ಖರ್ಚಲ್ಲ ಸ್ವಾಮಿ. ನಂದು ಶೋಕಿ ಗಾಡಿ, ನನ್ನ ಕಥೆ ಬಿಡಿ, ಪಕ್ಕದ ಮನೆ ರಿಟೈರ್ಡ್ ಮೇಷ್ಟ್ರ ಕಾರ್ಬುರೇಟರ್ ಮಾರುತಿ 800 ವಾರಕ್ಕೊಂದ್ಸಲ ಹೊರಗೆ ಬರೋದು, ಅವರಿಗೆ ಈ ಓ ರಿಂಗು ವೈಟಾನು ಎಲ್ಲಾ ಯಾರು ಹೇಳ್ತಾರೆ?

ಇನ್ನೊಂದು ತಮಾಷೆ ನೋಡಿ. 50 ವರ್ಷ ದಾಟಿದ್ರೆ ಅದು ವಿಂಟೇಜ್, ಅದಕ್ಕೆ ವಿಎ ಅಂತ ಬೇರೆ ನಂಬರೇ ಕೊಡ್ತಾರೆ. 15 ದಾಟಿದ್ರೆ ಹಳೇ ಗಾಡಿ, ಐದೈದು ವರ್ಷಕ್ಕೆ ಆರ್‌ಸಿ ರಿನ್ಯೂವಲ್. ನಂದು ಇವೆರಡರ ಮಧ್ಯೆ ಸಿಕ್ಕಾಕ್ಕೊಂಡಿದೆ.

ನಾನು ಎಥೆನಾಲ್ ನಿಲ್ಲಿಸಿ ಅಂತಿಲ್ಲ, ನಿಲ್ಲಿಸಿದ್ರೆ ಅಪ್ಪನೇ ಮನೆಗೆ ಸೇರಿಸಲ್ಲ. ಜಿಲ್ಲೆಗೆ ಒಂದಾದ್ರೂ ಬಂಕಲ್ಲಿ ಇ10 ಇಡಿ, ನಾಲ್ಕು ರೂಪಾಯಿ ಜಾಸ್ತಿ ಇದ್ರೂ ತಗೋತೀವಿ. ಅದೂ ಆಗಲ್ಲ ಅಂದ್ರೆ ಪ್ರತಿ ಮಷೀನ್ ಮೇಲೆ ಎಷ್ಟು ಪರ್ಸೆಂಟ್ ಎಥೆನಾಲ್ ಅಂತ ಕನ್ನಡದಲ್ಲಿ, ಕಣ್ಣಿಗೆ ಕಾಣೋ ಹಾಗೆ ಬರೀರಿ. ಮೊನ್ನೆ ಒಂದು ಬಂಕಲ್ಲಿ ಹುಡುಗನ್ನ ಇದೇ ಕೇಳಿದೆ, ಅವ್ನು ನನ್ನನ್ನೂ ಕಾರನ್ನೂ ಒಂದ್ಸಲ ನೋಡಿ "ಪೆಟ್ರೋಲ್ ಅಣ್ಣಾ, ನೂರಕ್ಕೆ ನೂರು ಪೆಟ್ರೋಲ್" ಅಂದ.

ಇಂತಿ,
ನಿಮ್ಮ ಓದುಗ,
ವಿನೋಬನಗರ, ದಾವಣಗೆರೆ