ಮದುವೆ ದುಡ್ಡು ಷೇರಿಗಲ್ಲ

ದಾವಣಗೆರೆ

ಚಿ. ಕಿರಣನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಆರಾಮ. ಮೊನ್ನೆ ಊರಿಗೆ ಬಂದಾಗ ನೋಡಿದೆ. ಬೆಳಗ್ಗೆ ಒಂಬತ್ತೂಕಾಲಕ್ಕೆ ಹಿಡಿದ ಫೋನು ಮೂರೂವರೆಗೆ ಕೆಳಗಿಟ್ಟೆ. ಬೆಣ್ಣೆ ದೋಸೆ ಆರಿಹೋದರೂ ಖಬರಿಲ್ಲ! ಷೇರು ಬೇಡ ಅಂತ ಹೇಳುವವನಲ್ಲ ನಾನು. ಆದರೆ ತಂಗಿಯ ಮದುವೆಗಿಟ್ಟ ಮೂರು ಲಕ್ಷವೂ ಅದರಲ್ಲಿದೆ ಅಂದೆಯಲ್ಲ, ಅದಕ್ಕೇ ಈ ಪತ್ರ.

2024ರ ಜೂನ್ 4, ಲೋಕಸಭೆ ಫಲಿತಾಂಶದ ದಿನ, ಮುಂಬೈ ಷೇರುಪೇಟೆಯ ಏರಿಳಿತ ತೋರಿಸೋ ಸೂಚ್ಯಂಕ ಸೆನ್ಸೆಕ್ಸ್ 4,389 ಅಂಶ ಬಿತ್ತು. 7ನೇ ತಾರೀಕಿಗೆ ಎಲ್ಲಾ ವಾಪಸ್. ಯಾವಾಗಲೂ ಹೀಗೇ ಅಂದ್ಕೋಬೇಡ. 2008ರ ಜನವರಿಯಲ್ಲಿ 21,000 ದಾಟಿದ್ದ ಸೆನ್ಸೆಕ್ಸ್ ಅಕ್ಟೋಬರ್‌ನಲ್ಲಿ 8,000ಕ್ಕಿಂತ ಕೆಳಗೂ ಇಳಿದಿತ್ತು. ಮತ್ತೆ 21,000 ಕಾಣಲು 2010ರ ದೀಪಾವಳಿ ಬರಬೇಕಾಯ್ತು. ಅಷ್ಟು ದಿನ ಬೀಗರು ಕಾಯ್ತಾರಾ?

ನಮ್ಮ ಎಪಿಎಂಸಿಯಲ್ಲಿ ಮೆಕ್ಕೆಜೋಳದ ರೇಟೂ ದಿನಾ ಏರಿಳಿಯುತ್ತೆ. ಸಾಲದ ಕಂತು ಕಟ್ಟಬೇಕಾದವನು ಇಳಿದ ರೇಟಿಗೇ ಮಾರಿ ಹೋಗುತ್ತಾನೆ. ಕೈಯಲ್ಲಿ ಕಾಸಿದ್ದವನು ಗೋಡೌನಿಗೆ ಹಾಕಿ ಕಾಯುತ್ತಾನೆ. ಮಾಲು ಒಂದೇ, ಅಲ್ವಾ?

ನಿನ್ನ ಸ್ವಂತ ಉಳಿತಾಯ ಎರಡು ಲಕ್ಷ ಇದೆಯಲ್ಲ, ಅದರಲ್ಲಿ ಆಡು. ಆದರೆ ಕೊಳ್ಳುವ ಮೊದಲೇ ಎಷ್ಟು ಹೋದರೆ ತಡ್ಕೋತೀನಿ ಅಂತ ಬರೆದಿಡು. ಒಂದು ಕಂಪನಿಯ ಷೇರಿನಲ್ಲಿ ಒಟ್ಟು ಎರಡು ಸಾವಿರ ಅನ್ನು. 500ರ ಷೇರು, 460ಕ್ಕೆ ಇಳಿದರೆ ಮಾರ್ತೀನಿ ಅಂದರೆ ಒಂದಕ್ಕೆ 40 ರೂಪಾಯಿ ನಷ್ಟ. ಹಾಗಾದರೆ 50 ಷೇರು ಸಾಕು, ಜಾಸ್ತಿ ಬೇಡ. ಇಂಥ ರೇಟಿಗೆ ಇಳಿದರೆ ತಾನೇ ಮಾರಲಿ ಅಂತ ಮೊದಲೇ ಕೊಡುವ ಆರ್ಡರ್, ಅದೇ ಸ್ಟಾಪ್‌ಲಾಸ್, ಹಾಕಿದ್ದೀನಿ ಅಂತ ಪೂರ್ತಿ ನಿಶ್ಚಿಂತೆ ಆಗಬೇಡ. ರಾತ್ರಿ ಕೆಟ್ಟ ಸುದ್ದಿ ಬಂದು ಬೆಳಗ್ಗೆ 430ಕ್ಕೇ ಓಪನ್ ಆದರೆ 460 ಯಾರು ಕೊಡ್ತಾರೆ?

ಷೇರಿನ ಮುಂದಿನ ರೇಟಿನ ಮೇಲೆ ಪಂದ್ಯ ಕಟ್ಟಿದ ಹಾಗಿರೋ ಆಪ್ಷನ್ಸ್ ವಿಷಯ ಎತ್ತಲೇಬೇಡ. 2021-22ರಿಂದ ಮೂರು ವರ್ಷದ ಲೆಕ್ಕ ಹಿಡಿದು ಷೇರುಪೇಟೆ ನಿಯಂತ್ರಿಸೋ ಸೆಬಿಯೇ ಹೇಳಿದೆ, ಎಫ್ ಅಂಡ್ ಓ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ಮಾಡಿದ ನೂರು ಜನರಲ್ಲಿ 93 ಮಂದಿ ಕಳಕೊಂಡಿದ್ದಾರೆ. ಆ ಟೆಲಿಗ್ರಾಂ ಗುಂಪಿನ 'ಟಿಪ್ಸ್' ಮಹಾಶಯನಿಗೂ ನಮಸ್ಕಾರ ಹೇಳಿ ಹೊರಗೆ ಬಾ.

ರೇಟು ನೋಡಲೇಬೇಕು ಅನಿಸಿದರೆ ಸಂಜೆ ಒಂದು ಸಲ ನೋಡು. ಆಫೀಸಿನವರು ಸಂಬಳ ಕೊಡೋದು ಸುಮ್ನೆ ಅಲ್ಲ.

ನಿಮ್ಮಪ್ಪನಿಗೆ ನಾನಿನ್ನೂ ಹೇಳಿಲ್ಲ. ಆ ಮೂರು ಲಕ್ಷ ಬ್ಯಾಂಕಿಗೆ ಬಂದ ದಿನ ಫೋನ್ ಮಾಡು.

ಇಂತಿ,
ನಿನ್ನ ದೊಡ್ಡಪ್ಪ