ಗುಣ ಹುಡುಕುವ ಮೊದಲು ಗೂಡಂಗಡಿ ನೋಡಿ

ಮಾನ್ಯ ಸಂಪಾದಕರೇ,

ಸಿಗರೇಟು ಸೇದುವ ಹುಡುಗಿ ಎಂದರೆ ಗಂಡುಬೀರಿ, ದುಡುಕಿನವಳು ಎಂದು ಪೋಷಕರು ತೀರ್ಪು ಕೊಟ್ಟುಬಿಡುತ್ತಾರೆ. (ಸೇದುವ ಅಣ್ಣನ ಗುಣ ಯಾರೂ ಕೇಳುವುದಿಲ್ಲ!) ಹಾಸ್ಟೆಲ್ ವಾರ್ಡನ್ ಆಗಿ ನಾನು ಕಂಡವರಲ್ಲಿ ಮಾತೇ ಆಡದ, ಪರೀಕ್ಷೆ ಎಂದರೆ ನಿದ್ದೆಗೆಡುವ ಹುಡುಗಿಯರೂ ಇದ್ದಾರೆ. ಸಿಗರೇಟು ಬಿಟ್ಟರೆ ದಪ್ಪಗಾಗುತ್ತೇವೆಂಬ ಭಯ ಬೇರೆ.

ಧೂಮಪಾನವನ್ನು ಬಹಿರ್ಮುಖಿ (ಎಲ್ಲರೊಡನೆ ಬೆರೆಯುವ) ಸ್ವಭಾವಕ್ಕೆ ಜೋಡಿಸಿದ ಮನೋವಿಜ್ಞಾನಿ ಹ್ಯಾನ್ಸ್ ಐಸೆಂಕ್ ಅವರ ಸಂಶೋಧನೆಗೆ ತಂಬಾಕು ಉದ್ಯಮದ ಹಣವೂ ಹರಿದಿತ್ತು. 1929ರಲ್ಲಿ ನ್ಯೂಯಾರ್ಕ್‌ನ ಈಸ್ಟರ್ ಮೆರವಣಿಗೆಯಲ್ಲಿ ಯುವತಿಯರ ಕೈಗೆ ‘ಸ್ವಾತಂತ್ರ್ಯದ ಪಂಜು’ ಎಂದು ಸಿಗರೇಟು ಕೊಡಿಸಿದ್ದು ಪ್ರಚಾರತಜ್ಞ ಎಡ್ವರ್ಡ್ ಬರ್ನೇಸ್. ಅಲ್ಲಿ ಕೆಲಸ ಮಾಡಿದ್ದು ಸ್ವಭಾವವೋ, ಮಾರುಕಟ್ಟೆಯೋ?

ರಾಜ್ಯದಲ್ಲಿ ಬಿಡಿ ಸಿಗರೇಟು ಮಾರುವಂತಿಲ್ಲ. ನಮ್ಮ ಗೇಟಿನೆದುರು ಚಹಾದ ಜೊತೆ ಒಂದೊಂದೇ ಸಿಗುತ್ತದೆ. ಅಧಿಕಾರಿಗಳು ಒಂದು ಸಂಜೆ ಬಂದು ನೋಡಲಿ.

– ಹಾಸ್ಟೆಲ್ ವಾರ್ಡನ್, ವಿಜಯನಗರ, ಬೆಂಗಳೂರು