ಜೊಜಿಲಾದ ತಿಮ್ಮಯ್ಯ ಮಕ್ಕಳಿಗೆ ತಿಳಿಯಲಿ

ಮಾನ್ಯ ಸಂಪಾದಕರೇ,

ಜನರಲ್ ಕೆ.ಎಸ್. ತಿಮ್ಮಯ್ಯ ಅವರ ಮಾತು ಬಂದಾಗಲೆಲ್ಲ ಚರ್ಚೆ ಸೇನಾ ಮುಖ್ಯಸ್ಥರಾಗಿದ್ದಾಗ ಅವರು ಕೊಟ್ಟ 1959ರ ರಾಜೀನಾಮೆಗೇ ಹೋಗಿ ನಿಲ್ಲುತ್ತದೆ. ರಕ್ಷಣಾ ಸಚಿವ ಕೃಷ್ಣ ಮೆನನ್ ಜತೆಗಿನ ಜಟಾಪಟಿ, ನೆಹರೂ ಮಾತಿಗೆ ಒಪ್ಪಿ ಪತ್ರ ಹಿಂಪಡೆದದ್ದು ಎಲ್ಲರಿಗೂ ಗೊತ್ತು. ಅವರು ಎಂಥ ಸೇನಾನಿ ಎಂಬುದನ್ನು ಅರಿಯಲು 1948ರ ಜೊಜಿಲಾ ಕಾರ್ಯಾಚರಣೆಯನ್ನು ನೋಡಬೇಕು.

ಆಗ ಅವರು ಮೇಜರ್ ಜನರಲ್, ವಯಸ್ಸು 42, ಕಾಶ್ಮೀರದ ಡಿವಿಷನ್ ಅವರ ಸುಪರ್ದಿಯಲ್ಲಿತ್ತು. ಶ್ರೀನಗರ–ಲೇಹ್ ದಾರಿಗೆ ಸುಮಾರು 11,500 ಅಡಿ ಎತ್ತರದ ಜೊಜಿಲಾ ಕಣಿವೆಯೇ ಬಾಗಿಲು; ಅದು ಪಾಕಿಸ್ತಾನದ ಕಡೆಯ ದಾಳಿಕೋರರ ಕೈಯಲ್ಲಿತ್ತು. ಸೆಪ್ಟೆಂಬರಿನಲ್ಲಿ ಪದಾತಿ ದಳ ನಡೆಸಿದ ದಾಳಿ ವಿಫಲವಾಯಿತು. ಕಾರಣ ಸ್ಪಷ್ಟ: ದಾರಿ ಇಕ್ಕಟ್ಟು, ಎರಡೂ ಬದಿಗೆ ಕಡಿದಾದ ಬೆಟ್ಟ, ಬಳಸಿ ಹೋಗಲು ಜಾಗವಿಲ್ಲ. ಬಂಡೆಗಳ ಸಂದಿಯಲ್ಲಿ ಅಡಗಿದ್ದ ಮಷಿನ್‌ಗನ್‌ಗಳ ಮೇಲೆ ಫಿರಂಗಿ ಗುಂಡು ಮೇಲಿನಿಂದ ಬಿದ್ದರೆ ಪ್ರಯೋಜನವಾಗುತ್ತಿರಲಿಲ್ಲ. ಹತ್ತಿರ ಹೋಗಿ, ನೇರಕ್ಕೆ ಗುರಿಯಿಟ್ಟು, ಸಂದಿಯೊಳಕ್ಕೇ ಹೊಡೆಯಬೇಕಿತ್ತು. ಅದಕ್ಕೆ ಟ್ಯಾಂಕ್ ಬೇಕು. ಅಷ್ಟು ಎತ್ತರದಲ್ಲಿ ಅಂದಿನವರೆಗೆ ಯಾರೂ ಟ್ಯಾಂಕ್ ಯುದ್ಧ ಮಾಡಿರಲಿಲ್ಲ.

ನಮ್ಮ ಸೇನೆಯ ಟ್ಯಾಂಕ್ ದಳ 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ಹಗುರ ಮಾದರಿಯವು. ಆದರೂ ಒಂದೊಂದು ಸುಮಾರು 15 ಟನ್. ಜಮ್ಮು ಕಡೆಯಿಂದ ಬರುವ ಹಾದಿಯ ಸೇತುವೆಗಳಿಗೆ ಆ ಭಾರ ತಡೆಯದು. ಹಾಗಾಗಿ ಮೇಲಿನ ತಿರುಗು ಗೋಪುರಗಳನ್ನು ಬಿಚ್ಚಿ ಪ್ರತ್ಯೇಕವಾಗಿ ಸಾಗಿಸಿದರು. ಗುಟ್ಟು ರಟ್ಟಾಗದಂತೆ ಟಾರ್ಪಾಲು ಹೊದಿಸಿದರು, ಶ್ರೀನಗರ ದಾಟುವಾಗ ಕರ್ಫ್ಯೂ ಹಾಕಿದರು.

ಕಣಿವೆಯ ಬುಡದಲ್ಲಿರುವ ಬಾಲ್‌ತಾಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆ ಓಡಾಡುವ ಹಾದಿ. ಗುಂಡಿನ ದಾಳಿಯ ನಡುವೆಯೇ ಅದನ್ನು ಅಗಲಿಸಿ ಟ್ಯಾಂಕ್ ಹತ್ತುವಂತೆ ಮಾಡಿದವರು ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್. ಅವರ ಕೇಂದ್ರ ಇರುವುದು ನಮ್ಮ ಬೆಂಗಳೂರಿನ ಹಲಸೂರಿನಲ್ಲಿ. ಈ ಗೆಲುವಿನಲ್ಲಿ ಟ್ಯಾಂಕಿನಷ್ಟೇ ಪಾಲು ಅವರ ಗುದ್ದಲಿ, ಸಿಡಿಮದ್ದುಗಳಿಗೂ ಸಲ್ಲಬೇಕು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಅಕ್ಟೋಬರಿಗೆ ನಿಗದಿಯಾಗಿದ್ದ ದಾಳಿ ಹಿಮಪಾತದಿಂದ ಮುಂದೆ ಹೋಗಿ ನವೆಂಬರ್ 1ರಂದು ನಡೆಯಿತು. ತಿಮ್ಮಯ್ಯ ಸ್ವತಃ ಮುಂಚೂಣಿಯ ಟ್ಯಾಂಕಿನಲ್ಲಿ ಕುಳಿತಿದ್ದರು. ಡಿವಿಷನ್ ಕಮಾಂಡರ್ ಅಲ್ಲಿರಬೇಕಿಲ್ಲ ಎನ್ನುವವರಿದ್ದಾರೆ. ಆದರೆ ಅದೇ ವರ್ಷ ಮೇ 24ರಂದು ವಾಯುಪಡೆಯ ಮೆಹರ್ ಸಿಂಗ್ ಲೇಹ್‌ನ ಹಸಿಬಿಸಿ ರನ್‌ವೇಯಲ್ಲಿ ಮೊದಲ ಡಕೋಟಾ ವಿಮಾನ ಇಳಿಸಿದಾಗಲೂ ವಿಮಾನದಲ್ಲಿ ಇವರಿದ್ದರು. ಹಿಂದೆ ಯಾರೂ ಮಾಡದ ಕೆಲಸಕ್ಕೆ ಸೈನಿಕರನ್ನು ಇಳಿಸುವಾಗ ತಾವೂ ಜತೆಗಿರಬೇಕು ಎಂಬುದು ಅವರ ರೀತಿ. ನವೆಂಬರ್ 1ರಂದೇ ಕಣಿವೆ ಕೈವಶವಾಯಿತು. ದ್ರಾಸ್, ಕಾರ್ಗಿಲ್ ಕೂಡ ಅದೇ ತಿಂಗಳು ಸೇನೆಯ ವಶಕ್ಕೆ ಬಂದವು.

ಕೊರಿಯಾದಲ್ಲಿ ಯುದ್ಧಕೈದಿಗಳ ವಿಚಾರದ ಹೊಣೆ, ಸೇನಾ ಮುಖ್ಯಸ್ಥರ ಹುದ್ದೆ, ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಮುಖ್ಯಸ್ಥರಾಗಿದ್ದು 1965ರಲ್ಲಿ ಅವರು ಕೊನೆಯುಸಿರೆಳೆದ ಸೈಪ್ರಸ್, ಎಲ್ಲವೂ ಆಮೇಲಿನವು.

ನವೆಂಬರ್ 1ರಂದು ಶಾಲೆಗಳಲ್ಲಿ ಹೇಗೂ ರಾಜ್ಯೋತ್ಸವ ಇರುತ್ತದೆ. ಅಂದು ಹತ್ತು ನಿಮಿಷ ಭೂಪಟ ಹಿಡಿದು ಜೊಜಿಲಾ ಎಲ್ಲಿದೆ, ಟ್ಯಾಂಕ್ ಅಲ್ಲಿಗೆ ಹೇಗೆ ಹತ್ತಿತು ಎಂದು ಮಕ್ಕಳಿಗೆ ಹೇಳಲಿ. ತಿಮ್ಮಯ್ಯ ಅವರ ಮನೆಯಾಗಿದ್ದ ಮಡಿಕೇರಿಯ ‘ಸನ್ನಿಸೈಡ್’ ವಸ್ತುಸಂಗ್ರಹಾಲಯಕ್ಕೆ ಪ್ರವಾಸ ಕರೆತರುವ ಶಿಕ್ಷಕರು ಈ ಕಥೆ ಹೇಳಿಯೇ ಒಳಗೆ ಕರೆದೊಯ್ಯಲಿ.

– ಸೇನಾ ಇತಿಹಾಸದ ಆಸಕ್ತರು, ಮಡಿಕೇರಿ